ಹೀಟರ್ ಆಫ್ ಇದ್ದರೂ ಜುಂ ಎನ್ನುವ ನಲ್ಲಿ: ಥಾಯ್ಲೆಂಡಿನ ಬಾಡಿಗೆ ಮನೆಯೊಂದರ ಪ್ರಕರಣ

ಈ ಪ್ರಕರಣ ನಡೆದದ್ದು ಥಾಯ್ಲೆಂಡಿನ ಚೊನ್‌ಬುರಿ ಪ್ರಾಂತ್ಯದಲ್ಲಿ. ಬ್ಯಾಂಕಾಕ್‌ನಿಂದ ಆಗ್ನೇಯಕ್ಕೆ ಸಮುದ್ರದ ದಂಡೆಯುದ್ದಕ್ಕೂ ಇರುವ ಕೈಗಾರಿಕಾ ಪಟ್ಟಿ ಅದು. ಅಲ್ಲಿನ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ನನ್ನ ಕೆಲಸ. ತೊಂದರೆಗೆ ಸಿಕ್ಕಿಕೊಂಡವರು ನನಗೆ ಪರಿಚಯದ ಒಂದು ಕನ್ನಡ ಕುಟುಂಬ. ಗಂಡ, ಹೆಂಡತಿ, 7 ವರ್ಷದ ಮಗಳು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಬಡಾವಣೆ ಯಾವುದನ್ನೂ ಹೇಳುವುದಿಲ್ಲ.

ಥಾಯ್ಲೆಂಡಿನ ಮನೆ ಕರೆಂಟು ನಮ್ಮದರ ಹಾಗೇ ಇದೆ. 220ರಿಂದ 230 ವೋಲ್ಟ್, 50 ಹರ್ಟ್ಸ್. ಊರಿನಿಂದ ತಂದ ಮಿಕ್ಸಿ ಅಲ್ಲೂ ಓಡುತ್ತದೆ. ಹಾಗಾಗಿ ನಮ್ಮವರು ಉಳಿದದ್ದೆಲ್ಲ ನಮ್ಮಲ್ಲಿಯಂತೆಯೇ ಇರುತ್ತದೆ ಅಂದುಕೊಂಡುಬಿಡುತ್ತಾರೆ. ಅದು ಸರಿಯಲ್ಲ. ಎರಡು ವ್ಯತ್ಯಾಸಗಳನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತವೆ.

ಒಂದು, ಬಿಸಿನೀರು. ನಮ್ಮ ಮನೆಗಳಲ್ಲಿ ಗೀಸರ್ ಮೇಲೆ ಸೂರಿನ ಹತ್ತಿರ ಇರುತ್ತದೆ. ನೀರನ್ನು ಬಕೆಟ್ಟಿಗೆ ಬಿಟ್ಟುಕೊಂಡು ಸ್ನಾನ ಮಾಡುವವರೇ ಜಾಸ್ತಿ. ಅಲ್ಲಿ ಇರುವುದು ಪುಟ್ಟ ಇನ್‌ಸ್ಟಂಟ್ ಹೀಟರ್. 3500 ಅಥವಾ 4500 ವಾಟ್‌ನದು, ಶವರಿನ ಪಕ್ಕದಲ್ಲಿ ಸರಿಯಾಗಿ ಮುಖದ ಎತ್ತರಕ್ಕೆ. ಒದ್ದೆ ಕೈ ಅದರ ಗುಂಡಿ ತಿರುಗಿಸುತ್ತದೆ, ಮೈ ಮೇಲೆ ಅದರಿಂದಲೇ ನೀರು ಬೀಳುತ್ತಿರುತ್ತದೆ. ಹೀಗಾಗಿ ಅಲ್ಲಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆ, ಪ್ರಾಣದ ಪ್ರಶ್ನೆ.

ಇನ್ನೊಂದು, ವೈರಿನ ಬಣ್ಣ. ಫೇಸ್ ಅಂದರೆ ಕರೆಂಟು ತರುವ ವೈರ್, ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ವೈರ್. ಭಾರತದಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಎಂದು ಕಲಿತವರು ನಾವು. ಥಾಯ್ಲೆಂಡಿನ ಹಳೆಯ ಮನೆಗಳಲ್ಲಿ ಕಪ್ಪೇ ಫೇಸ್! ಬಿಳಿ ಅಥವಾ ತಿಳಿ ಬೂದು ನ್ಯೂಟ್ರಲ್. ಹೊಸ ಮನೆಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಯಾವುದು ಎಂದು ತಿಳಿಯಲು ಕೇಬಲ್ಲಿನ ಹೊರಕವಚವನ್ನು ಓದಬೇಕು. ಅದರ ಮೇಲೆ ಅಲ್ಲಿನ ಕೈಗಾರಿಕಾ ಮಾನದಂಡದ ಸಂಖ್ಯೆ ಅಚ್ಚಾಗಿರುತ್ತದೆ. 11-2531 ಎಂದಿದ್ದರೆ ಹಳೆಯ ಬಣ್ಣ, 11-2553 ಎಂದಿದ್ದರೆ ಹೊಸದು. ಆ 2531, 2553 ಬುದ್ಧ ಶಕೆಯ ವರ್ಷಗಳು. 543 ಕಳೆದರೆ 1988 ಮತ್ತು 2010 ಸಿಗುತ್ತದೆ. ಈ ಮನೆಯ ವೈರ್ 2531ರದು.

ನೀರು ಕಚ್ಚುತ್ತದೆ

ಮನೆ ಸಾಲುಮನೆಗಳ ಪೈಕಿ ಒಂದು. ಕಟ್ಟಿ 20 ವರ್ಷದ ಮೇಲಾಗಿತ್ತು. ಹಿಂದೆ ಖಾಲಿ ಇದ್ದ ಜಾಗದಲ್ಲಿ ಮನೆಯೊಡತಿ ಸುಮಾರು 10 ವರ್ಷದ ಹಿಂದೆ ಅಡುಗೆಮನೆ ಕಟ್ಟಿಸಿದ್ದರು. ಪಕ್ಕದಲ್ಲೇ ಸ್ಟೀಲ್ ಟ್ಯಾಂಕು, ಅದರ ಬುಡದಲ್ಲಿ ಆಟೋಮ್ಯಾಟಿಕ್ ಪಂಪು. ಬೀದಿ ಪೈಪಿನ ನೀರಿಗೆ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ಬಹಳ ಮನೆಗಳಲ್ಲಿ ಇದೇ ವ್ಯವಸ್ಥೆ. ನಲ್ಲಿ ತಿರುಗಿಸಿದರೆ ಪಂಪ್ ತಾನೇ ಶುರುವಾಗುತ್ತದೆ, ಮುಚ್ಚಿದರೆ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ.

ಮಳೆಗಾಲ ಜೋರಾದ ಸೆಪ್ಟೆಂಬರಿನಲ್ಲಿ ಮಗಳು ಸ್ನಾನಕ್ಕೆ ಹೋಗಲು ಹಟ ಮಾಡತೊಡಗಿದಳು. "ನೀರು ಕಚ್ಚುತ್ತೆ" ಅನ್ನುತ್ತಿದ್ದಳು. ಮೊದಮೊದಲು ಅದನ್ನು ನೆಪ ಅಂದುಕೊಂಡರು. ಒಂದು ದಿನ ತಾಯಿಗೇ ಶವರಿನ ಕೆಳಗಿನ ಲೋಹದ ವಾಲ್ವ್ ಮುಟ್ಟಿದಾಗ ಕೈ ಜುಂ ಎಂದಿತು. ನಾವು ಕರೆಂಟು ಹೊಡೆಯಿತು ಅನ್ನುತ್ತೇವೆ. ಥಾಯ್ ಜನ ಅದಕ್ಕೆ 'ಫೈ ದೂತ್' ಅನ್ನುತ್ತಾರೆ, ಕರೆಂಟು ಹೀರಿತು ಅಂತ ಅರ್ಥ. ಆ ಮಗುವಿನ ಮಾತು ಎರಡಕ್ಕಿಂತಲೂ ಸರಿಯಾಗಿತ್ತು ಅಂತ ನನಗೆ ಅನಿಸುತ್ತದೆ.

ಮನೆಯೊಡತಿಗೆ ಹೇಳಿದರು. ಅವರು ಒಳ್ಳೆಯವರು, ಅದೇ ವಾರ ಒಬ್ಬ ಕೆಲಸಗಾರನನ್ನು ಕಳಿಸಿದರು. ಅವನು ಟೆಸ್ಟರ್ ಇಟ್ಟು ನೋಡಿದ. ಉರಿಯಲಿಲ್ಲ. ಆದರೂ ಹೀಟರ್ ಹಳೆಯದು, ಒಳಗೆ ಕರೆಂಟು ಸೋರುತ್ತಿರಬೇಕು ಅಂದ. ಮನೆಯೊಡತಿ 3000 ಬಾತ್‌ಗೂ (ಬಾತ್ ಅಲ್ಲಿನ ನಾಣ್ಯ) ಜಾಸ್ತಿ ಕೊಟ್ಟು ಹೊಸ ಹೀಟರ್ ಹಾಕಿಸಿದರು. ಅದರಲ್ಲಿ ಸೋರಿಕೆ ಕಂಡರೆ ತಾನೇ ಕಡಿದುಕೊಳ್ಳುವ ಬ್ರೇಕರೂ ಇತ್ತು. ಟೆಸ್ಟ್ ಗುಂಡಿ ಒತ್ತಿ ತೋರಿಸಿದ, ಟಕ್ ಎಂದು ಬಿತ್ತು. ಎಲ್ಲರಿಗೂ ಸಮಾಧಾನವಾಯಿತು.

ನಾಲ್ಕನೇ ದಿನ ಮತ್ತೆ ಜುಂ.

ಆಮೇಲೆ ಮನೆಯವರು ಕಂಡುಕೊಂಡ ಉಪಾಯ ನೆನೆದರೆ ಈಗಲೂ ನನಗೆ ಹೊಟ್ಟೆ ಹಿಂಡುತ್ತದೆ. ಮೂವರೂ ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡತೊಡಗಿದರು. ಜುಂ ಕಡಿಮೆಯೂ ಆಯಿತು. ತೊಂದರೆ ಇದ್ದಲ್ಲೇ ಇತ್ತು, ಅದು ಇದೆ ಎಂದು ಹೇಳುವ ಗುರುತು ಮಾತ್ರ ಹೋಗಿತ್ತು. ಯಾರಾದರೂ ಒಂದು ದಿನ ಚಪ್ಪಲಿ ಮರೆತು ಗೋಡೆಗೆ ಕೈ ಊರಿದ್ದರೆ?

ಇದೇ ಹೊತ್ತಿಗೆ ಗಂಡನಿಗೆ ಗೆಳೆಯರೊಬ್ಬರು ಒಂದು ಸಲಹೆ ಕೊಟ್ಟರು. "ಹೀಟರಿನೊಳಗೆ ಹಸಿರು ವೈರನ್ನು ನ್ಯೂಟ್ರಲ್ಲಿಗೆ ಸೇರಿಸಿಬಿಡು, ಜುಂ ನಿಂತುಹೋಗುತ್ತದೆ." ಅದನ್ನು ಮಾಡುವ ಮೊದಲು ಅವರು ನನಗೆ ಫೋನ್ ಮಾಡಿದ್ದು ದೊಡ್ಡ ಪುಣ್ಯ. ಜುಂ ನಿಲ್ಲುತ್ತದೆ ಅನ್ನುವುದು ನಿಜ. ಆದರೆ ಆ ನ್ಯೂಟ್ರಲ್ ವೈರ್ ದಾರಿಯಲ್ಲಿ ಎಲ್ಲಾದರೂ ಸಡಿಲವಾಯಿತು ಅಂದುಕೊಳ್ಳಿ. ಹೀಟರಿನ ಕಾಯಿಲ್ ಮೂಲಕ ಬಂದ ಫೇಸ್ ವಾಪಸ್ ಹೋಗಲು ದಾರಿಯಿಲ್ಲದೆ, ನೀವು ಸೇರಿಸಿದ ಹಸಿರು ವೈರಿನಿಂದ ನೇರ ಲೋಹಕ್ಕೆ ಮತ್ತು ನೀರಿಗೆ ಬರುತ್ತದೆ. ಆಗ ಸಿಗುವುದು ಪೂರಾ 230 ವೋಲ್ಟ್. ಸಾಧಾರಣ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ಮಾತ್ರ ಕಡಿಯುವ ಬ್ರೇಕರ್, ಬೀಳುವುದಿಲ್ಲ. ಬೇಡವೇ ಬೇಡ, ನಾನೇ ಬಂದು ನೋಡುತ್ತೇನೆ ಅಂದೆ.

ಪಂಪಿನ ಸದ್ದಿನ ಜೊತೆ

ಸಂಜೆ ವೋಲ್ಟ್ ಅಳೆಯುವ ಮೀಟರ್ ಹಿಡಿದು ಹೋದೆ. ಮೊದಲು ಹೀಟರಿನ ಬ್ರೇಕರ್ ಆಫ್ ಮಾಡಿಸಿದೆ. ಮನೆ ಹೊರಗಿನ ಒದ್ದೆ ಮಣ್ಣಿಗೆ ಒಂದು ಕಬ್ಬಿಣದ ಸರಳು ಬಡಿದು, ಅದಕ್ಕೆ ಉದ್ದ ವೈರ್ ಕಟ್ಟಿ ಬಚ್ಚಲಿಗೆ ತಂದೆ. ಮೀಟರಿನ ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಶವರ್ ವಾಲ್ವಿಗೆ. ಸೊನ್ನೆ. ಟೆಸ್ಟರ್ ಇಟ್ಟವನಿಗೂ ಹೀಗೇ ಆಗಿತ್ತು.

ಆಗ ಬಾಗಿಲಲ್ಲಿ ನಿಂತಿದ್ದ ಆ ತಾಯಿ ಒಂದು ಮಾತು ಹೇಳಿದರು. "ಅದು ಪಂಪಿನ ಸದ್ದಿನ ಜೊತೆಗೇ ಬರೋದು. ವಾಷಿಂಗ್ ಮಷೀನ್ ಮುಟ್ಟಿದ್ರೂ ಒಮ್ಮೊಮ್ಮೆ ಹಾಗೇ ಆಗುತ್ತೆ." ಕೆಲಸಗಾರ ಬಂದಾಗಲೂ ಇದನ್ನು ಹೇಳಿದ್ದರಂತೆ. ಭಾಷೆ ತೊಡಕಾಯಿತೋ, ಹೀಟರ್ ಮೇಲೇ ಎಲ್ಲರ ಗಮನ ಇತ್ತೋ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಪ್ರಕರಣ ಬಿಡಿಸಿಕೊಂಡದ್ದು ಅವರ ಆ ಮಾತಿನಿಂದಲೇ.

ನಲ್ಲಿ ಬಿಡಿಸಿದೆ. ಹಿಂದುಗಡೆ ಪಂಪ್ ಗುಂಯ್ ಎಂದಿತು. ಮೀಟರ್ ಸೊನ್ನೆಯಿಂದ 221ಕ್ಕೆ ಹಾರಿತು. ಹೀಟರ್ ಆಫ್ ಇದೆ ಎಂಬುದನ್ನು ಮತ್ತೊಮ್ಮೆ ನೋಡಿದೆ. ಆಫ್ ಇತ್ತು. ನಲ್ಲಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಪಂಪ್ ಕಟ್ ಎಂದು ನಿಂತಿತು, ಅಂಕಿ ಸೊನ್ನೆಗೆ ಇಳಿಯಿತು. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ.

ಇಲ್ಲಿ ಒಂದು ಎಚ್ಚರಿಕೆ. ಡಿಜಿಟಲ್ ಮೀಟರ್ ಬಹಳ ಸೂಕ್ಷ್ಮ. ಎಲ್ಲಿಗೂ ಸೇರದೆ ತೇಲುತ್ತಿರುವ ವೈರಿನಲ್ಲೂ ಅದು ನೂರು ವೋಲ್ಟ್ ತೋರಿಸೀತು. ಅದು ಭೂತ ವೋಲ್ಟೇಜ್, ಹಿಂದೆ ಶಕ್ತಿ ಇರುವುದಿಲ್ಲ. ಅದನ್ನು ಬೇರೆ ಮಾಡಲು ಮೀಟರಿನ ಎರಡು ಕಡ್ಡಿಗಳ ನಡುವೆ 10,000 ಓಮಿನ, 10 ವಾಟಿನ ಒಂದು ರೆಸಿಸ್ಟರ್ ಸೇರಿಸಿದೆ. ಭೂತವಾಗಿದ್ದರೆ ಅಂಕಿ ಹೆಚ್ಚುಕಡಿಮೆ ಸೊನ್ನೆಗೆ ಕುಸಿಯಬೇಕಿತ್ತು. 55ರ ಹತ್ತಿರ ನಿಂತಿತು. ಅಂದರೆ ಸುಮಾರು ಐದೂವರೆ ಮಿಲಿಆಂಪಿಯರ್ ನಿಜವಾಗಿ ಹರಿಯುತ್ತಿದೆ. 10 ಮಿಲಿಆಂಪಿಯರ್ ಹತ್ತಿರ ಬಂದರೆ ದೊಡ್ಡವರಿಗೇ ಹಿಡಿದ ಕೈ ಬಿಡಿಸಿಕೊಳ್ಳಲು ಕಷ್ಟವಾಗುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು.

ಪಂಪಿನ ಬ್ರೇಕರ್ ಆಫ್ ಮಾಡಿದೆ. ಎಲ್ಲಾ ಸೊನ್ನೆ. ಅದು ಆಫಾಗೇ ಇರಲಿ, ಮುಂದಿನ ಅಂಗಳದಲ್ಲಿ ನೇರ ಬೀದಿ ಪೈಪಿನ ನಲ್ಲಿ ಇದೆ, ಅದರಿಂದ ಬಕೆಟ್ಟಿನಲ್ಲಿ ನೀರು ತಂದು ಸ್ನಾನ ಮಾಡಿ ಅಂದೆ. ಗಂಡ ಮುಖ ಸಣ್ಣ ಮಾಡಿದರು, ಎರಡು ದಿನ ಪರದಾಡಬೇಕಲ್ಲ ಅಂತ. ಆದರೆ ಆ ರಾತ್ರಿ ಮಾಡಿದ ಮುಖ್ಯ ಕೆಲಸ ಅದೇ. ಕಾರಣ ಪೂರಾ ಗೊತ್ತಾಗುವ ತನಕ ಕಾಯಬಾರದು, ಅಪಾಯವನ್ನು ಮೊದಲು ಕಡಿಯಬೇಕು.

ಹಸಿರು ವೈರ್ ಎಲ್ಲಿಗೆ ಹೋಗುತ್ತದೆ?

ಪಂಪಿನ ಕರೆಂಟು ಬಚ್ಚಲಿಗೆ ಹೇಗೆ ಬಂತು? ಪೈಪುಗಳೆಲ್ಲ ಪ್ಲಾಸ್ಟಿಕ್. ಎರಡಕ್ಕೂ ಬೇರೆ ಬೇರೆ ಬ್ರೇಕರ್. ಎರಡನ್ನೂ ಸೇರಿಸುವುದು ಒಂದೇ ಒಂದು ವಸ್ತು, ಹಸಿರು ವೈರ್. ಪಂಪಿನ ಮೈಯಿಂದ ಹೊರಟ ಹಸಿರು, ಬ್ರೇಕರುಗಳಿರುವ ಬೋರ್ಡಿನ ಅರ್ತ್ ಪಟ್ಟಿಗೆ ಬರುತ್ತದೆ. ಹೀಟರಿನ ಹಸಿರು ಅಲ್ಲಿಗೇ ಬರುತ್ತದೆ. ವಾಷಿಂಗ್ ಮಷೀನಿನದೂ ಅಲ್ಲಿಗೇ. ಆ ಪಟ್ಟಿಯಿಂದ ಒಂದು ದಪ್ಪ ಹಸಿರು ಹೊರಟು ನೆಲಕ್ಕೆ ಹೋಗಬೇಕು. ಹೋಗುತ್ತಿದ್ದರೆ ಪಂಪಿನ ಸೋರಿಕೆ ಸುಮ್ನೆ ಮಣ್ಣಿಗೆ ಇಳಿದುಹೋಗುತ್ತಿತ್ತು.

ಮರುದಿನ ಮನೆಯೊಡತಿ, ಅವರು ಕರೆತಂದ ಲೈಸೆನ್ಸ್ ಇರುವ 'ಚಾಂಗ್ ಫೈ', ಅಂದರೆ ಎಲೆಕ್ಟ್ರಿಷಿಯನ್, ಮತ್ತು ನಾನು ಸೇರಿದೆವು. ಲೈಸೆನ್ಸಿನ ಮಾತು ಸುಮ್ಮನೆ ಹೇಳಿದ್ದಲ್ಲ. 2016ರ ಅಕ್ಟೋಬರಿನಿಂದ ಥಾಯ್ಲೆಂಡಿನಲ್ಲಿ ಕಟ್ಟಡದೊಳಗಿನ ವೈರಿಂಗ್ ಮಾಡುವವರು ಅಲ್ಲಿನ ಕೌಶಲ್ಯ ಅಭಿವೃದ್ಧಿ ಇಲಾಖೆಯ ಪ್ರಮಾಣಪತ್ರ ಹೊಂದಿರಬೇಕು ಎಂಬ ಕಾನೂನಿದೆ. ಕಾರ್ಡ್ ತೋರಿಸಿ ಅಂತ ವಿನಯವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಅಳತೆ ಮಾತ್ರ ಮಾಡಿದೆ. ವೈರ್ ಮುಟ್ಟಿದ್ದೆಲ್ಲ ಅವರೇ.

ಬೋರ್ಡ್ ತೆರೆದರು. ಹಸಿರುಗಳೆಲ್ಲ ಪಟ್ಟಿಗೆ ಸಾಲಾಗಿ, ಅಂದವಾಗಿ ಬಿಗಿದಿದ್ದವು. ನೋಡಿದವರು ಭೇಷ್ ಅನ್ನಬೇಕು. ದಪ್ಪ ಹಸಿರು ಪೈಪಿನೊಳಗೆ ಗೋಡೆಯಲ್ಲಿ ಇಳಿದು ಹಿಂದಕ್ಕೆ ಹೋಗಿತ್ತು. ನಾವೂ ಹಿಂದೆ ಹೋದೆವು. ಅಡುಗೆಮನೆಯ ಸಿಂಕಿನ ಕೆಳಗೆ, ಗ್ಯಾಸ್ ಸಿಲಿಂಡರ್ ಸರಿಸಿದ ಜಾಗದಲ್ಲಿ ಪೈಪಿನ ಬಾಯಿ ಕಾಣಿಸಿತು. ಅದರಿಂದ ಒಂದು ಗೇಣು ಹಸಿರು ವೈರ್ ಹೊರಗೆ ಬಾಗಿತ್ತು. ತುದಿಗೆ ಕಪ್ಪು ಟೇಪು, ಬಿಗಿಯಾಗಿ, ನೀಟಾಗಿ ನಾಲ್ಕೈದು ಸುತ್ತು. ಟೇಪಿನ ಅಂಟು ಕರಗಿ ಧೂಳು ಮೆತ್ತಿಕೊಂಡಿತ್ತು. ಎಲೆಕ್ಟ್ರಿಷಿಯನ್ ಬಿಚ್ಚಿದರು. ಒಳಗೆ ಕತ್ತರಿಸಿದ ತಾಮ್ರ ಕಪ್ಪುಗಟ್ಟಿ ನಿಂತಿತ್ತು.

10 ವರ್ಷದ ಹಿಂದೆ ಅಡುಗೆಮನೆಗೆ ಕಾಂಕ್ರೀಟ್ ಹಾಕುವಾಗ ಅರ್ತ್ ರಾಡ್, ಅಂದರೆ ಆ ವೈರ್ ಸೇರಿದ್ದ ನೆಲದ ಸರಳು, ಅಡ್ಡ ಬಂದಿರಬೇಕು. ವೈರ್ ಕತ್ತರಿಸಿ, ರಾಡನ್ನು ನೆಲದಡಿ ಮುಚ್ಚಿಬಿಟ್ಟಿದ್ದಾರೆ. ಕತ್ತರಿಸಿದವನು ಟೇಪು ಸುತ್ತಿದ್ದಾನೆ, ಅಂದರೆ ಅವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆ ವೈರ್ ಏನು ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಲಿಲ್ಲ ಅಷ್ಟೆ. ವೈರ್ ಕತ್ತರಿಸಿದರೂ ದೀಪ ಉರಿಯಿತು, ಫ್ಯಾನ್ ತಿರುಗಿತು. 10 ವರ್ಷ ಯಾರಿಗೂ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯ ಹಸಿರು ವೈರ್ ಮಾಡುತ್ತಿದ್ದದ್ದು ತದ್ವಿರುದ್ಧ ಕೆಲಸ. ಒಂದು ಯಂತ್ರ ಸೋರಿದರೆ ಆ ಕರೆಂಟನ್ನು ಮನೆಯ ಎಲ್ಲ ಲೋಹಕ್ಕೂ ಹಂಚುತ್ತಿತ್ತು. ಹೊಸ ಹೀಟರಿನ ಬ್ರೇಕರ್ ಯಾಕೆ ಬೀಳಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಆ ಬ್ರೇಕರ್ ತನ್ನ ಫೇಸ್ ಮತ್ತು ನ್ಯೂಟ್ರಲ್ ನಡುವಿನ ವ್ಯತ್ಯಾಸ ಮಾತ್ರ ನೋಡುತ್ತದೆ. ಇಲ್ಲಿ ಕರೆಂಟು ಬಂದದ್ದು ಅರ್ತ್ ವೈರಿನಿಂದ, ಹಿಂಬಾಗಿಲಿನಿಂದ. ಹೀಟರ್ ಆಫ್ ಮಾಡಿದರೂ ಅರ್ತ್ ವೈರನ್ನು ಯಾವ ಬ್ರೇಕರೂ ಕಡಿಯುವುದಿಲ್ಲ.

ಜುಂ ನಿಂತ ಮೇಲೆ

ಮುಂದಿನ ಅಂಗಳದಲ್ಲಿ ಹೊಸ ರಾಡ್ ಬಡಿದರು. ತಾಮ್ರ ಲೇಪಿಸಿದ್ದು, 2.4 ಮೀಟರ್ ಉದ್ದ, ಸುಮಾರು 16 ಮಿಲಿಮೀಟರ್ ದಪ್ಪ, ಅಲ್ಲಿನ ರೂಢಿಯ ಅಳತೆ. ಕರೆಂಟು ಮಣ್ಣಿಗೆ ಇಳಿಯಲು ಎಷ್ಟು ತಡೆ ಇದೆ ಎಂದು ಅರ್ತ್ ಟೆಸ್ಟರಿನಲ್ಲಿ ಅಳೆದಾಗ 18 ಓಮ್ ಬಂತು. ಅಲ್ಲಿನ ನಿಯಮ ಕೇಳುವುದು 5 ಓಮ್ ಒಳಗೆ. ಮನೆಯೊಡತಿ ಇಷ್ಟು ಸಾಕಲ್ವಾ ಅಂದರು. ಎಲೆಕ್ಟ್ರಿಷಿಯನ್ ಒಂದು ರಟ್ಟಿನ ಮೇಲೆ ಲೆಕ್ಕ ಬರೆದು ತೋರಿಸಿದರು. ಫೇಸ್ ಪೂರಾ ಲೋಹಕ್ಕೆ ತಾಗಿತು ಅನ್ನಿ. 226 ವೋಲ್ಟನ್ನು 18ರಿಂದ ಭಾಗಿಸಿದರೆ ಹನ್ನೆರಡೂವರೆ ಆಂಪಿಯರ್. ಬ್ರೇಕರ್ 20 ಆಂಪಿಯರಿನದು. ಅದು ಎಂದೂ ಬೀಳುವುದಿಲ್ಲ. ರಾಡ್ ಇದೆ, ಬ್ರೇಕರ್ ಇದೆ, ಆದರೂ ಲೋಹದಲ್ಲಿ ಕರೆಂಟು ನಿಂತೇ ಇರುತ್ತದೆ. ರಾಡ್ ಹಾಕಿಸಿದೆವಲ್ಲ ಅಂತ ನಿಶ್ಚಿಂತೆಯಾಗಿರುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

ಹಾಗಾಗಿ ಮೂರು ಕೆಲಸ ಒಟ್ಟಿಗೆ ಆಯಿತು. ಬಾಳೆಗಿಡದ ಪಾತಿಯಲ್ಲಿ, ಸದಾ ತೇವ ಇರುವ ಕಡೆ ಎರಡನೇ ರಾಡ್ ಬಡಿದು ಮೊದಲಿನದಕ್ಕೆ ಸೇರಿಸಿದರು, 4.6 ಓಮ್ ಬಂತು. ಹಳೆಯ ಬೋರ್ಡ್ ತೆಗೆದು ಹೊಸದು ಹಾಕಿದರು. ಥಾಯ್ ನಿಯಮದಂತೆ ಮನೆಯ ಕರೆಂಟು ಮೀಟರಿನಿಂದ ಬಂದ ನ್ಯೂಟ್ರಲ್ ಮೊದಲು ಅರ್ತ್ ಪಟ್ಟಿಗೆ ತಾಗಿ, ಆಮೇಲೆ ಮೇನ್ ಬ್ರೇಕರಿಗೆ ಹೋಗುವಂತೆ ಜೋಡಿಸಿದರು. ನ್ಯೂಟ್ರಲ್ಲಿಗೂ ಅರ್ತ್‌ಗೂ ಸಂಬಂಧ ಇರಬೇಕಾದದ್ದು ಈ ಒಂದೇ ಕಡೆ, ಮೇನ್ ಬ್ರೇಕರಿಗಿಂತ ಮೊದಲು, ರಾಡಿನ ಜೊತೆಗೆ. ಗೆಳೆಯರು ಹೇಳಿದ ಹಾಗೆ ಬಚ್ಚಲಲ್ಲಿ ಅಲ್ಲ. ಹೀಟರ್, ಪಂಪ್, ವಾಷಿಂಗ್ ಮಷೀನ್ ಮೂರಕ್ಕೂ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಬಿಒ, ಅಂದರೆ ಸೋರಿಕೆಯನ್ನೂ ಅತಿಯಾದ ಕರೆಂಟನ್ನೂ ಕಡಿಯುವ ಬ್ರೇಕರ್ ಹಾಕಿದರು. ಇದಕ್ಕೆಲ್ಲ ಮೊದಲು ಮೀಟರ್ ಕಡೆಯಿಂದಲೇ ಕರೆಂಟು ಕಡಿಯಬೇಕಿತ್ತು. ಬ್ಯಾಂಕಾಕ್, ನೊಂತಬುರಿ, ಸಮುತ್ ಪ್ರಾಕಾನ್ ಬಿಟ್ಟರೆ ಉಳಿದ ದೇಶವೆಲ್ಲ ಪ್ರಾಂತೀಯ ವಿದ್ಯುತ್ ಪ್ರಾಧಿಕಾರಕ್ಕೆ ಸೇರಿದ್ದು, ಅವರ ಸಹಾಯವಾಣಿ 1129. ಮೀಟರ್ ಮುಟ್ಟುವ ಅಧಿಕಾರ ಅವರಿಗೆ ಮಾತ್ರ.

ಬಣ್ಣದ ವಿಷಯ ನನಗೆ ಪಾಠವಾದದ್ದೂ ಆವತ್ತೇ. ಹಳೆಯ ಬೋರ್ಡಿನಲ್ಲಿ ಕಪ್ಪು ವೈರ್ ತೋರಿಸಿ ಇದು ನ್ಯೂಟ್ರಲ್ ತಾನೇ ಅಂದುಬಿಟ್ಟಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ ಬಾಯಿಗೆ ಬಂದದ್ದು. ಎಲೆಕ್ಟ್ರಿಷಿಯನ್ ಮಾತಾಡದೆ ಟೆಸ್ಟರ್ ಇಟ್ಟರು, ಕೆಂಪಗೆ ಉರಿಯಿತು. ನನ್ನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಆಮೇಲೆ ಕೇಬಲ್ಲಿನ ಕವಚ ಒರೆಸಿ 2531 ಎಂಬ ಅಂಕಿ ತೋರಿಸಿದವರೂ ಅವರೇ.

ಎಲ್ಲಾ ಮುಗಿದ ಮೇಲೆ ನಲ್ಲಿ ಬಿಟ್ಟು, ಪಂಪ್ ಓಡಿಸಿ ಅಳೆದೆವು. ವಾಲ್ವಿನಲ್ಲಿ ಸೊನ್ನೆ. ಮನೆಯೊಡತಿ ಕೈ ಮುಗಿದು ಹೊರಟು ನಿಂತರು. ಕೆಲಸ ಮುಗಿಯಿತು ಅಂತಲೇ ಎಲ್ಲರಿಗೂ ಅನಿಸಿತ್ತು.

ನಾನು ಅಡ್ಡ ಬಂದೆ. ಪಂಪ್ ಇನ್ನೂ ಸೋರುತ್ತಲೇ ಇತ್ತು, ಅದಕ್ಕೊಂದು ದಾರಿ ಸಿಕ್ಕಿತ್ತು ಅಷ್ಟೆ. ಏಳೆಂಟು ಮಿಲಿಆಂಪಿಯರಿಗೆ 30ರ ಬ್ರೇಕರ್ ಬೀಳುವುದಿಲ್ಲ. ಮತ್ತೊಮ್ಮೆ ಯಾರಾದರೂ ಆ ಹಸಿರು ವೈರ್ ಕತ್ತರಿಸಿದರೆ ಕಥೆ ಮೊದಲಿನಿಂದ ಶುರು. ಇನ್ನರ್ಧ ಗಂಟೆ ಕೊಡಿ ಅಂದೆ.

ಪಂಪಿನ ಬ್ರೇಕರ್ ಆಫ್ ಮಾಡಿ, ವೈರ್ ಬಿಚ್ಚಿ, ಮೆಗ್ಗರಿನಲ್ಲಿ, ಅಂದರೆ ಕರೆಂಟು ಸೋರದಂತೆ ಇರುವ ತಡೆಯನ್ನು ಅಳೆಯುವ ಮೀಟರಿನಲ್ಲಿ, ಅಳೆದರು. ಕನಿಷ್ಠ 1 ಮೆಗಾಓಮ್ ಇರಬೇಕಾದ ಕಡೆ 0.03 ಇತ್ತು. 30,000 ಓಮ್. ನಿನ್ನೆಯ ರೆಸಿಸ್ಟರಿನ ಲೆಕ್ಕಕ್ಕೂ ಇದಕ್ಕೂ ಸರಿಯಾಗಿ ತಾಳೆಯಾಯಿತು. ವೈರ್ ಜೋಡಿಸುವ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಇರುವೆ ಗೂಡು. ಮುಚ್ಚಳದ ರಬ್ಬರ್ ಒಣಗಿ ಬಿರಿದಿತ್ತು. ಆ ಸಂದಿಯಲ್ಲಿ ಇರುವೆಗಳು ಮಣ್ಣು ತಂದು ತುಂಬಿದ್ದವು. ಮಳೆಗೆ ಮಣ್ಣು ಒದ್ದೆಯಾಗಿ, ಫೇಸಿನ ಸ್ಕ್ರೂನಿಂದ ಪಂಪಿನ ಮೈವರೆಗೆ ಒಂದು ಸೇತುವೆಯಾಗಿತ್ತು. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿರುತ್ತಿತ್ತು. ಸೆಪ್ಟೆಂಬರಿನಲ್ಲೇ ನೀರು ಕಚ್ಚಲು ಶುರುವಾದದ್ದು ಅದಕ್ಕೆ.

ಬ್ರಷ್ಷಿನಿಂದ ಗೂಡು ತೆಗೆದು, ಕ್ಲೀನರ್ ಹಾಕಿ, ಬಿಸಿಗಾಳಿಯಲ್ಲಿ ಒಣಗಿಸಿದರು. ಮತ್ತೆ ಅಳೆದಾಗ 15 ಮೆಗಾಓಮ್. ಹೊಸ ರಬ್ಬರ್ ಹಾಕಿ, ಪಂಪನ್ನು ಎರಡು ಇಟ್ಟಿಗೆಯಷ್ಟು ಎತ್ತರಿಸಿ ಕೂರಿಸಿದರು. 3000 ಬಾತ್‌ನ ಹೊಸ ಹೀಟರ್ ಬೇಕೇ ಇರಲಿಲ್ಲ. ತೆಗೆದುಹಾಕಿದ ಹಳೆಯ ಹೀಟರನ್ನು ಕುತೂಹಲಕ್ಕೆ ಅಳೆದು ನೋಡಿದೆ, ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ಮನೆ ಬಾಡಿಗೆಗೆ ನೋಡಲು ಹೋಗುವ ಗೆಳೆಯರು ಕರೆದರೆ ನಾನು ಮೊದಲು ಬೋರ್ಡಿನ ಹತ್ತಿರ ಹೋಗುವುದಿಲ್ಲ. ಅರ್ತ್ ರಾಡ್ ಎಲ್ಲಿದೆ ಎಂದು ಮನೆ ಸುತ್ತ ಹುಡುಕುತ್ತೇನೆ. ಥಾಯ್ ಭಾಷೆಯಲ್ಲಿ ಅರ್ತ್ ವೈರಿಗೆ 'ಸಾಯ್ ದಿನ್' ಅನ್ನುತ್ತಾರೆ, 'ದಿನ್' ಅಂದರೆ ಮಣ್ಣು. "ಸಾಯ್ ದಿನ್ ಎಲ್ಲಿ ಮಣ್ಣಿಗೆ ಇಳಿಯುತ್ತದೆ, ತೋರಿಸಿ" ಎಂದು ಕೇಳುತ್ತೇನೆ. ಹಿಂದೆ ಅಡುಗೆಮನೆ ಕಟ್ಟಿದ ಗುರುತು ಕಂಡರೆ ಇನ್ನೂ ಒತ್ತಿ ಕೇಳುತ್ತೇನೆ. ಅಳೆಯುವುದಿದ್ದರೆ ಪಂಪ್ ಓಡಿಸಿ, ನಲ್ಲಿ ಬಿಟ್ಟು, ವಾಷಿಂಗ್ ಮಷೀನ್ ತಿರುಗಿಸಿ ಅಳೆಯುತ್ತೇನೆ. ಮನೆಯಲ್ಲಿ ಇರುವವರು, ಅದರಲ್ಲೂ ಮಕ್ಕಳು, ಯಾವಾಗ ಏನಾಗುತ್ತದೆ ಎಂದು ಹೇಳುವುದನ್ನು ಪೂರಾ ಕೇಳಿಸಿಕೊಂಡೇ ಮೀಟರ್ ತೆಗೆಯುತ್ತೇನೆ.

ಆ ಮನೆಯೊಡತಿಯದೇ ಇನ್ನೊಂದು ಮನೆ ಪಕ್ಕದಲ್ಲಿತ್ತು. ಅಡುಗೆಮನೆ ಕಟ್ಟಿದವರು ಅಲ್ಲಿಯೂ ಅವರೇ. ಎಲೆಕ್ಟ್ರಿಷಿಯನ್ ಚೀಲ ಕಟ್ಟುತ್ತಿದ್ದಾಗ ಮನೆಯೊಡತಿಯೇ ತಡೆದು, ಅದನ್ನೂ ನೋಡಿಬಿಡಿ ಅಂದರು. ಅಲ್ಲಿ ಒಬ್ಬ ಅಜ್ಜಿ ಮತ್ತು ಮೊಮ್ಮಗ ಇದ್ದರು. ಅವರಿಗೆ ಇದುವರೆಗೆ ಯಾವ ತೊಂದರೆಯೂ ಆಗಿರಲಿಲ್ಲ. ಸಿಂಕಿನ ಕೆಳಗೆ ಅದೇ ಜಾಗದಲ್ಲಿ ಟಾರ್ಚ್ ಬಿಟ್ಟೆವು. ಒಂದು ಗೇಣು ಹಸಿರು ವೈರ್, ತುದಿಗೆ ಕಪ್ಪು ಟೇಪು. ಆ ಸಂಜೆ ಕತ್ತಲಾಗುವ ಮೊದಲೇ ಅಲ್ಲಿಯೂ ರಾಡ್ ಇಳಿಯಿತು.